ನೆರೆ ಇಳಿದ ಮೇಲೆ ಒಂದು ಕುಟುಂಬಕ್ಕೆ ಕೈಜೋಡಿಸೋದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

ಪ್ರವಾಹ ಬಂದು ಹೋದಾಗಲೆಲ್ಲ ಅದೇ ಪ್ರಶ್ನೆಗಳು ಬರ್ತವೆ. ಹೊಸ ಪೇಂಟ್ ಹೊಡೆಸಿದ್ವಿ, ಎರಡು ತಿಂಗಳಿಗೇ ಎದ್ದು ಬರ್ತಿದೆ ಯಾಕೆ? ಮನೆಯೆಲ್ಲ ತೊಳೆದು ಲಕಲಕ ಮಾಡಿದ್ವಿ, ಈಗ ಸರ್ವೆಗೆ ಬಂದೋರು ಹಾನಿ ಎಲ್ಲಾಗಿದೆ ತೋರಿಸಿ ಅಂತಿದಾರೆ, ಏನ್ ಹೇಳೋದು? ಫ್ರಿಜ್ ಆನ್ ಆಗತ್ತಾ ನೋಡೋಣ ಅಂತ ಹಾಕಿದ್ವಿ, ಢಂ ಅಂತು. ಕೆಲಸ ಮಾಡೋಕೆ ಜನ ಕಮ್ಮಿ ಇರ್ಲಿಲ್ಲ, ಮನಸ್ಸೂ ಇತ್ತು, ಆದ್ರೆ ಎರಡನೇ ದಿನ ಮಾಡಬೇಕಾದ್ದನ್ನ ಮೊದಲನೇ ದಿನ ಮಾಡಿದ್ರು, ಮೊದಲನೇ ದಿನದ್ದನ್ನ ಮರೆತೇಬಿಟ್ರು. ಅದಕ್ಕೆ ಇಲ್ಲಿ ಕ್ರಮದ ಮೇಲೇ ಜಾಸ್ತಿ ಒತ್ತು ಕೊಟ್ಟಿದೀನಿ. ಇದು ನೆರೆಗೆ ಸಿಕ್ಕ ಮನೆಯವರಿಗಿಂತ ಅವರ ಜೊತೆ ನಿಲ್ಲೋ ನೆಂಟರು, ಸ್ನೇಹಿತರು, ಅಕ್ಕಪಕ್ಕದೋರಿಗೆ ಬರೆದದ್ದು, ಯಾಕಂದ್ರೆ ಮನೆಯವರಿಗೆ ಆ ಹೊತ್ತಲ್ಲಿ ಕೂತು ಓದೋ ಸ್ಥಿತಿ ಇರಲ್ಲ.

1. ಹೊರಡೋ ಮುಂಚೆ: ಒಬ್ಬರನ್ನ ಗೊತ್ತುಮಾಡಿ

ಹತ್ತು ಜನ ಹತ್ತು ಕಡೆಯಿಂದ ಫೋನ್ ಮಾಡಿ "ಏನ್ ಬೇಕು ಹೇಳಿ" ಅಂತ ಕೇಳಿದ್ರೆ ಮನೆಯವರಿಗೆ ಉತ್ತರ ಹೇಳೋದೇ ಒಂದು ಕೆಲಸ ಆಗೋಗತ್ತೆ. ನಿಮ್ಮ ಗುಂಪಲ್ಲಿ ಒಬ್ಬರು ಮಾತ್ರ ಅವರ ಜೊತೆ ಮಾತಾಡ್ಲಿ, ಉಳಿದವರೆಲ್ಲ ಇವರನ್ನ ಕೇಳ್ಲಿ. ಈ ಒಬ್ಬರು ಒಂದು ನೋಟ್‌ಬುಕ್ ಇಟ್ಕೋಬೇಕು: ಏನು ಬೇಕು, ಯಾರು ತರ್ತಾರೆ, ಎಷ್ಟು ಖರ್ಚಾಯ್ತು, ಯಾವ ಆಫೀಸಲ್ಲಿ ಯಾರು ಏನಂದ್ರು. ವಾಟ್ಸಾಪ್ ಗ್ರೂಪ್ ಸಾಕಲ್ವಾ ಅಂದ್ರೆ ಸಾಕಾಗಲ್ಲ, ನಾಲ್ಕೇ ದಿನಕ್ಕೆ ಎಲ್ಲ ಮೇಲಕ್ಕೆ ಸರಿದು ಏನೂ ಸಿಗಲ್ಲ.

ಕೇಳೋ ರೀತೀನೂ ಮುಖ್ಯ. "ಏನಾದ್ರೂ ಬೇಕಿದ್ರೆ ಹೇಳಿ" ಅಂದ್ರೆ ಯಾರೂ ಬಾಯಿಬಿಟ್ಟು ಕೇಳಲ್ಲ. "ನಾಳೆ ಬೆಳಗ್ಗೆ ನಾಲ್ಕು ಜನ ಸಲಿಕೆ ತಗೊಂಡು ಬರ್ತೀವಿ, ಮಕ್ಕಳನ್ನ ಸಂಜೆ ತನಕ ನಮ್ಮನೇಲಿ ಇಟ್ಕೋತೀವಿ, ಆಗಬಹುದಾ" ಅಂತ ಕೇಳಿ, ಹೂಂ ಅನ್ನೋದು ಸುಲಭ ಆಗತ್ತೆ.

ಜೊತೆಗೆ ಬೇಕಾಗೋದು: ಮೊಣಕಾಲುದ್ದದ ಗಮ್‌ಬೂಟ್, ದಪ್ಪ ರಬ್ಬರ್ ಗ್ಲೌಸ್, ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ಟಾರ್ಚ್, ಉದ್ದನೆ ಕೋಲು, ಸಲಿಕೆ, ಬಕೆಟ್, ವೈಪರ್, ಗಟ್ಟಿ ಚೀಲಗಳು, ಸೋಪಿನ ಪುಡಿ, ಬ್ಲೀಚ್ (ಬಾಟಲಿಯಲ್ಲಿ ಬರೋ ದ್ರವ, ಪೌಡರ್ ಅಲ್ಲ), ಫಸ್ಟ್ ಏಡ್ ಡಬ್ಬಿ, ಪವರ್ ಬ್ಯಾಂಕ್, ನಿಮ್ಮ ಕುಡಿಯೋ ನೀರು ನೀವೇ. ಹಳೇ ಬಟ್ಟೆ ಮೂಟೆ ಬೇಡ. ಒದ್ದೆ ಮನೇಲಿ ಅದನ್ನ ಇಡೋಕೂ ಜಾಗ ಇರಲ್ಲ, ಕೊನೆಗೆ ಅದೂ ಕೆಸರಿನ ಜೊತೆ ಕಸಕ್ಕೇ ಹೋಗತ್ತೆ. ಬಟ್ಟೆ ಕೊಡೋದಿದ್ರೆ ಅಳತೆ ಕೇಳಿ, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಮಗು ಇದ್ರೆ ಡೈಪರ್ ಕೊಡಿ. ಯಾರೂ ಬಾಯಿಬಿಟ್ಟು ಕೇಳದೇ ಇರೋದು ಇವನ್ನೇ, ಬೇಕಾಗಿರೋದೂ ಇವೇ.

2. ಒಳಗೆ ಕಾಲಿಡೋ ಮುಂಚೆ

ನೀರು ಇಳಿದಿದೆ ಅಂದ ಮಾತ್ರಕ್ಕೆ ಮನೆ ನಿಂತಿದೆ ಅಂತಲ್ಲ. ಮೊದಲು ಹೊರಗಿಂದ ಒಂದು ಸುತ್ತು ಹಾಕಿ. ಬಾಗಿಲು ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿರೋ ಹೊಸ ಬಿರುಕು, ಹೊಟ್ಟೆ ಬಂದಿರೋ ಗೋಡೆ, ಪಾಯದ ಪಕ್ಕ ಮಣ್ಣು ಕೊಚ್ಚಿ ಹೋಗಿ ಆಗಿರೋ ಗುಂಡಿ, ಜೋತುಬಿದ್ದ ಸೂರು, ಇದರಲ್ಲಿ ಒಂದು ಕಂಡ್ರೂ ಎಂಜಿನಿಯರ್ ನೋಡೋ ತನಕ ಒಳಗೆ ಹೋಗಬೇಡಿ. ಮಣ್ಣಿನ ಗೋಡೆ ಮನೆಗಳ ವಿಷಯದಲ್ಲಿ ಇನ್ನೂ ಹುಷಾರು ಬೇಕು, ಅವು ನೀರಿದ್ದಾಗ ನಿಂತಿದ್ದು ನೀರು ಇಳಿದ ಮೇಲೆ, ಕೆಲವು ದಿನ ಬಿಟ್ಟು ಕುಸಿಯೋದೂ ಉಂಟು.

ಆಮೇಲೆ ಕರೆಂಟ್. ಮೇನ್ ಸ್ವಿಚ್ ಹತ್ರ ಹೋಗೋಕೆ ನೀರಲ್ಲಿ ನಿಲ್ಲಬೇಕಾದ್ರೆ ಮುಟ್ಟಲೇಬೇಡಿ, ಲೈನ್‌ಮನ್‌ಗೆ ಹೇಳಿ ಹೊರಗಿಂದ್ಲೇ ಕಟ್ ಮಾಡಿಸಿ. ಬಹಳ ಜನ ಎಡವೋದು ಇಲ್ಲಿ: ಬೀದಿಗೇ ಕರೆಂಟ್ ಇಲ್ಲ ಅಂತ ಧೈರ್ಯವಾಗಿ ಒಳಗೆ ಹೋಗ್ತಾರೆ, ಮೂಲೇಲಿ ಯುಪಿಎಸ್ ಬ್ಯಾಟರಿ ಇನ್ನೂ ಜೀವಂತ ಇರತ್ತೆ, ಮೇಲೆ ಸೋಲಾರ್ ಪ್ಯಾನೆಲ್ ಇದ್ರೆ ಬಿಸಿಲಿರೋ ತನಕ ಅದು ಕರೆಂಟ್ ಮಾಡ್ತಾನೇ ಇರತ್ತೆ, ಮೇನ್ ಆಫ್ ಮಾಡಿದ್ರೂ. ಪಕ್ಕದ ಮನೆಯ ಜನರೇಟರ್ ತಪ್ಪಾಗಿ ವೈರಿಂಗ್‌ಗೆ ಸೇರಿದ್ರೆ ಲೈನಲ್ಲೂ ಕರೆಂಟ್ ವಾಪಸ್ ಬರಬಹುದು.

ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಹಾಕೋದು, ಬೆಂಕಿಕಡ್ಡಿ ಗೀರೋದು ಯಾವುದೂ ಬೇಡ, ಬಾಗಿಲು ತೆಗೆದಿಟ್ಟು ಹೊರಗೆ ಬಂದು ಆಮೇಲೆ ಫೋನ್ ಮಾಡಿ. ಒಳಗೆ ಹೋದಾಗ ಕೈ ಹಾಕೋ ಮುಂಚೆ ಕೋಲು ಹಾಕಿ. ಹಾವು ಚೇಳು ನೀರಿಂದ ತಪ್ಪಿಸ್ಕೊಂಡು ಒಣಗಿರೋ ಎತ್ತರದ ಜಾಗ ಹುಡುಕ್ತವೆ, ಅಂದ್ರೆ ಅಟ್ಟ, ಮಂಚದ ಮೇಲಿನ ಹಾಸಿಗೆ ಸುರುಳಿ, ಕಪಾಟಿನ ಮೇಲಿನ ಅರೆ.

ದಾರೀಲಿ ಇನ್ನೂ ನೀರು ಹರೀತಿದ್ರೆ ವಾಪಸ್ ಬನ್ನಿ. 15 ಸೆಂಟಿಮೀಟರ್ ಆಳದ ರಭಸದ ನೀರು ದೊಡ್ಡವರನ್ನೇ ಬೀಳಿಸತ್ತೆ, 60 ಸೆಂಟಿಮೀಟರ್ ಇದ್ರೆ ಬಹುತೇಕ ಗಾಡಿಗಳನ್ನ ಎತ್ಕೊಂಡು ಹೋಗತ್ತೆ.

3. ಫೋಟೋ ಮೊದಲು, ಪೊರಕೆ ಆಮೇಲೆ

ಇಲ್ಲಿ ಕೈ ಕಟ್ಟಿಕೊಂಡು ನಿಲ್ಲೋದು ಕಷ್ಟ ಅಂತ ಗೊತ್ತು. ಬಂದಿರೋ ಹುಡುಗರೆಲ್ಲ ಸಲಿಕೆ ಹಿಡಿದು ರೆಡಿ ಇರ್ತಾರೆ. ಆದ್ರೂ ಅರ್ಧ ಗಂಟೆ ಎಲ್ಲರನ್ನೂ ಹೊರಗೆ ನಿಲ್ಲಿಸಿ.

ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಸೂರು ಫೋಟೋ ತೆಗೀರಿ. ಗೋಡೆ ಮೇಲೆ ನೀರು ನಿಂತ ಗೆರೆ ಇರತ್ತೆ ನೋಡಿ, ಅದರ ಪಕ್ಕ ಟೇಪ್ ಹಿಡಿದು ಎತ್ತರ ಕಾಣೋ ಹಾಗೆ ತೆಗೀರಿ, ತೊಳೆದ ಮೇಲೆ ಆ ಗೆರೆ ಮತ್ತೆ ಸಿಗಲ್ಲ. ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಮೋಟರ್ ಇವುಗಳ ಹಿಂದೆ ಅಂಟಿಸಿರೋ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಹತ್ತಿರದಿಂದ. ಆಮೇಲೆ ಬಾಗಿಲಿಂದ ಶುರುಮಾಡಿ ಒಂದೇ ಉದ್ದ ವಿಡಿಯೋ, ಮನೆಯವರು ಏನೇನಿತ್ತು ಅಂತ ಬಾಯಲ್ಲಿ ಹೇಳ್ತಾ ಹೋಗ್ಲಿ. ತೆಗೆದ ತಕ್ಷಣ ಬೇರೆ ಇಬ್ಬರ ಫೋನ್‌ಗೆ ಕಳಿಸಿ.

ಪಟ್ಟಿ ಅವತ್ತೇ ಬರೀರಿ: ವಸ್ತು, ಯಾವಾಗ ತಗೊಂಡಿದ್ದು, ಅಂದಾಜು ಬೆಲೆ, ಬಿಲ್ ಇದ್ಯಾ. ಅಡುಗೆಮನೆಯ ಸಣ್ಣಪುಟ್ಟ ಪಾತ್ರೆ, ಮಕ್ಕಳ ಪುಸ್ತಕ, ಹೊಲಿಗೆ ಮೆಷಿನ್, ಕೆಲಸದ ಸಲಕರಣೆ, ಎಲ್ಲ ಬರೀರಿ. ವಾರ ಬಿಟ್ಟು ನೆನಪು ಮಾಡ್ಕೊಂಡು ಬರೆಯೋ ಪಟ್ಟಿ ಯಾವಾಗ್ಲೂ ಚಿಕ್ಕದೇ ಆಗಿರತ್ತೆ. ಇನ್ಶೂರೆನ್ಸ್ ಇದ್ರೆ ಅದೇ ದಿನ ಕಂಪನಿಗೆ ತಿಳಿಸಿ, ಕ್ಲೇಮ್ ನಂಬರ್ ನೋಟ್‌ಬುಕ್‌ಗೆ ಹಾಕ್ಕೊಳ್ಳಿ.

4. ಒದ್ದೆ ಕಾಗದ: 48 ಗಂಟೆ ಒಳಗೆ

ಕೆಸರಿಗಿಂತ ಮುಂಚೆ ಇದನ್ನ ಇಟ್ಟಿರೋದಕ್ಕೆ ಕಾರಣ ಇದೆ. ಕೆಸರು ಒಂದು ದಿನ ಕಾಯತ್ತೆ, ಒದ್ದೆ ಕಾಗದ ಕಾಯಲ್ಲ, 24ರಿಂದ 48 ಗಂಟೇಲಿ ಬೂಷ್ಟು ಹಿಡಿಯೋಕೆ ಶುರುವಾಗತ್ತೆ.

ಮನೆ ಪತ್ರ, ಸರ್ಟಿಫಿಕೇಟ್, ಪಾಸ್‌ಬುಕ್, ಆಸ್ಪತ್ರೆ ಫೈಲ್ ಇವನ್ನ ಮೊದಲು ಆಚೆ ತೆಗೀರಿ. ಅಂಟಿಕೊಂಡಿರೋ ಹಾಳೆ ಬಿಡಿಸೋಕೆ ಹೋಗಬೇಡಿ, ಹರಿದೇ ಹೋಗತ್ತೆ. ಕೆಸರಿದ್ರೆ ಶುದ್ಧ ತಣ್ಣೀರಲ್ಲಿ ಮೆಲ್ಲಗೆ ಅದ್ದಿ ತೆಗೀರಿ, ಉಜ್ಜಬೇಡಿ. ಇಂಕ್ ಪೆನ್ನಲ್ಲಿ ಬರೆದಿದ್ದು, ಸೀಲ್ ಹಾಕಿದ್ದು ಅಳಿಸಿಹೋಗೋ ಹಾಗಿದ್ರೆ ಅದ್ದೋದೇ ಬೇಡ. ಕೆಲವೇ ಹಾಳೆ ಇದ್ರೆ ನೆರಳಲ್ಲಿ ಫ್ಯಾನ್ ಗಾಳಿಗೆ ಒಂದೊಂದಾಗಿ ಹರಡಿ, ಬಿಸಿಲು, ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆ ಯಾವುದೂ ಬೇಡ. ರಾಶಿ ಇದ್ರೆ ಪ್ಲಾಸ್ಟಿಕ್ ಕವರಲ್ಲಿ ಚಪ್ಪಟೆಯಾಗಿ ಹಾಕಿ ಕರೆಂಟ್ ಇರೋ ಯಾರದ್ದಾದ್ರೂ ಮನೆ ಫ್ರೀಜರಲ್ಲಿ ಇಡಿ. ಫ್ರೀಜ್ ಆದ ಕಾಗದದ ಮೇಲೆ ಬೂಷ್ಟು ಬೆಳೆಯಲ್ಲ, ಆಮೇಲೆ ಪುರುಸೊತ್ತಾದಾಗ ಸ್ವಲ್ಪ ಸ್ವಲ್ಪ ತೆಗೆದು ಒಣಗಿಸಬಹುದು. ಇದನ್ನ ಹೇಳಿದಾಗ ತುಂಬ ಜನ ನಗ್ತಾರೆ, ಲೈಬ್ರರಿ ಆರ್ಕೈವ್‌ನೋರು ಮಾಡೋದೂ ಇದನ್ನೇ.

ಆಲ್ಬಮ್ಮಿನ ಫೋಟೋಗಳು ಒಂದಕ್ಕೊಂದು ಅಂಟಿ ಒಣಗೋಕೆ ಬಿಡಬೇಡಿ. ಒದ್ದೆ ಇರುವಾಗ್ಲೇ ಬಿಡಿಸಿ, ತಣ್ಣೀರಲ್ಲಿ ತೊಳೆದು, ಚಿತ್ರ ಮೇಲೆ ಮಾಡಿ ಹರಡಿ. ನೀರಲ್ಲಿ ಮುಳುಗಿದ ಫೋನ್, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಆನ್ ಮಾಡಿ ನೋಡೋ ಆಸೆ ಬೇಡ, ಚಾರ್ಜಿಗೂ ಹಾಕಬೇಡಿ. ಅಕ್ಕಿ ಡಬ್ಬೀಲಿ ಹೂತಿಡೋದ್ರಿಂದ ಏನೂ ಆಗಲ್ಲ.

5. ನೀರು ಮತ್ತು ಕೆಸರು ಆಚೆಗೆ

ನೆಲಮಾಳಿಗೆ ಇದ್ರೆ ಒಂದೇ ಏಟಿಗೆ ಪಂಪ್ ಹಚ್ಚಿ ಖಾಲಿ ಮಾಡಬೇಡಿ. ಹೊರಗಿನ ಮಣ್ಣು ನೀರು ಕುಡಿದು ಗೋಡೇನ ಒಳಕ್ಕೆ ಒತ್ತುತಾ ಇರತ್ತೆ, ಒಳಗಿನ ನೀರು ಅದಕ್ಕೆ ಎದುರಾಗಿ ಗೋಡೇನ ಹಿಡಿದಿಟ್ಟಿರತ್ತೆ. ಒಂದು ಅಡಿಯಷ್ಟು ತೆಗೆದು ಗೋಡೆ ಮೇಲೆ ಗುರುತು ಹಾಕಿ ರಾತ್ರಿ ಬಿಡಿ. ಬೆಳಗ್ಗೆ ಮತ್ತೆ ನೀರು ಏರಿದ್ರೆ ಇನ್ನೂ ಹೊತ್ತಾಗಿಲ್ಲ ಅಂತ, ಒಂದು ದಿನ ಕಾಯಿರಿ. ಏರಿಲ್ಲ ಅಂದ್ರೆ ಇನ್ನೊಂದು ಎರಡು ಅಡಿ ತೆಗೀರಿ.

ಪಂಪ್ ಆಗ್ಲಿ ಜನರೇಟರ್ ಆಗ್ಲಿ ಮನೆ ಹೊರಗೇ ಇರಬೇಕು, ಕಿಟಕಿ ಬಾಗಿಲಿಂದ ಕನಿಷ್ಠ 6 ಮೀಟರ್ ದೂರ. ಮಳೆ ಬರತ್ತೆ ಅಂತ ವರಾಂಡಕ್ಕೆ, ಗ್ಯಾರೇಜಿಗೆ ಎಳೆದುಕೊಳ್ಳೋದು ಸಾಮಾನ್ಯ. ಅದರ ಹೊಗೇಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು, ತಲೆ ಸುತ್ತು, ವಾಂತಿ ಬಂದ ಹಾಗೆ ಆಗತ್ತೆ, ಸುಸ್ತು ಅಂತ ಮಲಗಿದೋರು ಮತ್ತೆ ಏಳಲ್ಲ. ಒಂದೇ ಮನೇಲಿ ಇಬ್ಬರಿಗೆ ಒಟ್ಟಿಗೆ ತಲೆನೋವು ಶುರುವಾದ್ರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ.

ಕೆಸರು ಹಸಿ ಇರುವಾಗ್ಲೇ ಎತ್ತಬೇಕು, ಒಣಗಿದ ಮೇಲೆ ಕಲ್ಲಾಗತ್ತೆ, ಕೆರೆದ್ರೆ ಧೂಳೆದ್ದು ಉಸಿರಿಗೆ ಹೋಗತ್ತೆ. ಮೊದಲು ಮೋರಿ, ಚರಂಡಿ ಬಾಯಿ ಬಿಡಿಸಿ, ಇಲ್ಲಾಂದ್ರೆ ತಳ್ಳಿದ್ದೆಲ್ಲ ತಿರುಗಿ ಬರತ್ತೆ. ಸಲಿಕೇಲಿ ದಪ್ಪನೆಯದು ತೆಗೆದ ಮೇಲಷ್ಟೇ ನೀರು ಹಾಕಿ, ಮೇಲಿಂದ ಕೆಳಕ್ಕೆ, ಒಳಕೋಣೆಯಿಂದ ಬಾಗಿಲ ಕಡೆಗೆ. ಪ್ರೆಶರ್ ವಾಷರ್ ಸಿಕ್ತು ಅಂತ ಹೊಡೀಬೇಡಿ, ಸಡಿಲ ಆಗಿರೋ ಗಿಲಾವಿನೊಳಗೆ ಇನ್ನಷ್ಟು ನೀರು ನುಗ್ಗತ್ತೆ. ಸೆಪ್ಟಿಕ್ ಟ್ಯಾಂಕ್‌ಗೆ ಸದ್ಯ ಕೈ ಹಾಕಬೇಡಿ, ಸುತ್ತಲಿನ ನೆಲ ನೀರು ತುಂಬ್ಕೊಂಡಿರುವಾಗ ಖಾಲಿ ಮಾಡಿದ್ರೆ ಟ್ಯಾಂಕೇ ಮೇಲೆದ್ದು ಪೈಪ್ ಮುರೀಬಹುದು.

6. ಏನು ಬಿಸಾಕಬೇಕು, ಏನು ಇಟ್ಕೋಬಹುದು

ಇದನ್ನ ನೀವು ತೀರ್ಮಾನ ಮಾಡಬೇಡಿ. ನೀವು ಹೇಳಿ, ಮನೆಯವರು ತೀರ್ಮಾನ ಮಾಡ್ಲಿ. ಅಂಗಳದಲ್ಲಿ ಮೂರು ರಾಶಿ ಮಾಡಿ: ಇಟ್ಕೊಳ್ಳೋದು, ಕಸ, ಆಮೇಲೆ ನೋಡೋಣ. ಮೂರನೇ ರಾಶಿ ದೊಡ್ಡದಾದ್ರೂ ಪರವಾಗಿಲ್ಲ. ನಿಮ್ಮ ಕಣ್ಣಿಗೆ ಕಸ ಅನ್ನಿಸೋ ಕೆಸರು ಮೆತ್ತಿದ ಮರದ ಸ್ಟೂಲು ಅಜ್ಜಿ ಐವತ್ತು ವರ್ಷ ಕೂತಿದ್ದಿರಬಹುದು, ಕೇಳದೆ ಟ್ರ್ಯಾಕ್ಟರಿಗೆ ಎಸೆದ್ರೆ ಆ ನೋವು ಪ್ರವಾಹದ್ದಕ್ಕಿಂತ ಜಾಸ್ತಿ ದಿನ ಉಳಿಯತ್ತೆ.

ಒಂದು ಲೆಕ್ಕ ಇಟ್ಕೊಳ್ಳಿ, ನೀರು ಹೀರಿಕೊಂಡು ಪೂರ್ತಿ ತೊಳೆಯೋಕೆ ಆಗದೇ ಇರೋದು ಹೋಗಬೇಕು: ಹಾಸಿಗೆ, ದಿಂಬು, ಸೋಫಾ ಸ್ಪಂಜು, ಪಾರ್ಟಿಕಲ್ ಬೋರ್ಡ್ ಕಪಾಟು, ಮೆತ್ತನೆ ಗೊಂಬೆ. ಸ್ಟೀಲು, ಗಾಜು, ಪಿಂಗಾಣಿ, ಗಟ್ಟಿ ಪ್ಲಾಸ್ಟಿಕ್ ಉಳಿಯತ್ತೆ. ಗಟ್ಟಿ ಮರದ ಸಾಮಾನು ನೆರಳಲ್ಲಿ ನಿಧಾನ ಒಣಗಿದ್ರೆ ಉಳಿಯತ್ತೆ, ಬಿಸಿಲಿಗಿಟ್ರೆ ಸೊಟ್ಟಗಾಗತ್ತೆ. ಉಬ್ಬಿರೋ ಡ್ರಾಯರ್ ಎಳೀಬೇಡಿ, ಹಿಂದಿನ ಹಲಗೆ ಬಿಚ್ಚಿ ಒಳಗಿಂದ ತಳ್ಳಿ.

ಪ್ರವಾಹದ ನೀರು ತಗುಲಿದ ಆಹಾರ ಯಾವುದೂ ಬೇಡ, ಕ್ಯಾಪ್ ತಿರುಗಿಸೋ ಬಾಟಲಿ, ಡಬ್ಬಿಗಳಲ್ಲಿರೋದೂ ಬೇಡ. ಜಜ್ಜದೇ ಇರೋ, ತುಕ್ಕು ಹಿಡಿಯದ, ಸೀಲ್ ಆಗಿರೋ ತಗಡಿನ ಡಬ್ಬಿ ಮಾತ್ರ ಲೇಬಲ್ ಕಿತ್ತು ತೊಳೆದು ಬ್ಲೀಚ್ ನೀರಲ್ಲಿ ಅದ್ದಿ ಇಟ್ಕೋಬಹುದು. ನೀರು ಮುಟ್ಟದ ಫ್ರಿಜ್ ಕರೆಂಟ್ ಇಲ್ಲದೆ, ಬಾಗಿಲು ತೆಗೀದೆ ಇದ್ರೆ ಸುಮಾರು 4 ಗಂಟೆ ತಣ್ಣಗಿರತ್ತೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ. ಒದ್ದೆಯಾದ ಮಾತ್ರೆಗಳನ್ನ ಒಣಗಿಸಿ ತಗೊಳ್ಳೋದು ಬೇಡ, ಬಿಪಿ, ಶುಗರ್, ಫಿಟ್ಸ್ ಮಾತ್ರೆ ತಗೊಳ್ಳೋರು ಇದ್ರೆ ಅವತ್ತೇ ಹೊಸದು ತರಿಸಿ. ಸಹಾಯಕ್ಕೆ ಬಂದವರಿಗೆ ಇದು ಹೊಳೆಯೋದೇ ಇಲ್ಲ, ಮನೆಯವರೂ ಗಡಿಬಿಡೀಲಿ ಮರೆತಿರ್ತಾರೆ. ಹಾಗೇ ಕನ್ನಡಕ, ಹಲ್ಲಿನ ಸೆಟ್, ಕಿವಿ ಮೆಷಿನ್ ಇದ್ಯಾ ಅಂತ ವಯಸ್ಸಾದವರನ್ನ ಕೇಳಿ.

7. ತೊಳೆಯೋದು: ಮೊದಲು ಸೋಪು, ಆಮೇಲೆ ಬ್ಲೀಚ್

ಕೆಸರಿನ ಮೇಲೆ ಬ್ಲೀಚ್ ಸುರಿದ್ರೆ ಬ್ಲೀಚ್ ದಂಡ. ಕೊಳೆ ಅದರ ಶಕ್ತೀನೆಲ್ಲ ತಿಂದುಹಾಕತ್ತೆ, ಕ್ರಿಮಿ ಹಾಗೇ ಉಳಿಯತ್ತೆ. ಸೋಪು ನೀರಲ್ಲಿ ತಿಕ್ಕಿ ತೊಳೆದು, ಕೊಳೆ ಹೋದ ಮೇಲೆ ಬ್ಲೀಚ್. ನೆಲ, ಗೋಡೆಯ ಕೆಳಭಾಗ, ಅಡುಗೆ ಕಟ್ಟೆಗೆ 20 ಲೀಟರ್ ಬಕೆಟ್ ನೀರಿಗೆ ಒಂದು ಕಪ್, ಅಂದ್ರೆ ಸುಮಾರು 240 ಮಿಲಿ ಮನೆಬಳಕೆಯ ಬ್ಲೀಚ್ ಸಾಕು. ಹಾಕಿ ತಕ್ಷಣ ಒರೆಸಬೇಡಿ, ಒಂದಷ್ಟು ಹೊತ್ತು ಒದ್ದೆ ಇರ್ಲಿ. ಬಟ್ಟೆಗಳನ್ನ ಬೇರೆ ಬಿಸಿನೀರಲ್ಲಿ ಒಗೀರಿ.

ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯೋ ಆಸಿಡ್, ವಿನೆಗರ್, ಅಮೋನಿಯಾ ಇರೋ ಕ್ಲೀನರ್ ಯಾವುದನ್ನೂ ಬೆರೆಸಬೇಡಿ, ವಿಷದ ಗಾಳಿ ಬರತ್ತೆ. ಒಬ್ಬರು ಬಾತ್‌ರೂಮಲ್ಲಿ ಆಸಿಡ್ ಹಾಕಿ ಹೋಗಿರ್ತಾರೆ, ಇನ್ನೊಬ್ಬರು ಗೊತ್ತಿಲ್ಲದೆ ಅದರ ಮೇಲೇ ಬ್ಲೀಚ್ ಸುರೀತಾರೆ, ಆಗೋದು ಹೀಗೇನೇ. ಆದ್ದರಿಂದ ಬಾತ್‌ರೂಮ್ ಒಬ್ಬರಿಗೇ ವಹಿಸಿ.

8. ಒಣಗಿಸೋದು, ಇಲ್ಲೇ ಎಲ್ಲರೂ ಸೋಲೋದು

ಮನೆ ತೊಳೆದಾಯ್ತು, ನೆಲ ಫಳಫಳ ಅಂತಿದೆ, ಬಂದವರೆಲ್ಲ ಮನೆಗೆ ಹೋದ್ರು. ನಿಜವಾದ ಕೆಲಸ ಈಗ ಶುರು. ಇಟ್ಟಿಗೆ ಗೋಡೆ ಮೇಲ್ಮೈ ಎರಡೇ ದಿನಕ್ಕೆ ಒಣಗಿದ ಹಾಗೆ ಕಾಣತ್ತೆ, ಒಳಗೆ ತಿಂಗಳುಗಟ್ಟಲೆ ನೀರಿರತ್ತೆ. ಅದರ ಮೇಲೆ ಪುಟ್ಟಿ, ಪೇಂಟ್, ವಾಲ್‌ಪೇಪರ್, ಟೈಲ್ಸ್ ಏನೇ ಹಾಕಿದ್ರೂ ನೀರಿಗೆ ಆಚೆ ಬರೋ ದಾರಿ ಮುಚ್ಚಿದ ಹಾಗೆ, ಕೊನೆಗೆ ಅದೇ ಪೇಂಟನ್ನ ತಳ್ಕೊಂಡು ಬರತ್ತೆ.

ಮಾಡಬೇಕಾದ್ದು: ಹೊರಗಿನ ಗಾಳಿ ಒಣಗಿದ್ದರೆ ಕಿಟಕಿ ಬಾಗಿಲು ಎದುರುಬದುರು ತೆಗೀರಿ, ಫ್ಯಾನ್ ಮುಖ ಹೊರಗೆ ಮಾಡಿ ಇಡಿ. ಹೊರಗೆ ಮಳೆ, ಶೀತ ಇದ್ರೆ ಕಿಟಕಿ ಮುಚ್ಚಿ ಡಿಹ್ಯೂಮಿಡಿಫೈಯರ್ (ಗಾಳಿಯಲ್ಲಿರೋ ತೇವ ಎಳೆಯೋ ಮೆಷಿನ್) ಬಾಡಿಗೆಗೆ ತನ್ನಿ, ಎರಡನ್ನೂ ಒಟ್ಟಿಗೆ ಮಾಡಿದ್ರೆ ಉಪಯೋಗ ಇಲ್ಲ. ಕಪಾಟು, ಮಂಚ ಎಲ್ಲ ಗೋಡೆಯಿಂದ ಒಂದು ಮೊಳ ಈಚೆಗೆ ಎಳೀರಿ. ಗೋಡೆಗೆ ಬಡಿದಿರೋ ಹಲಗೆ, ಜಿಪ್ಸಮ್ ಬೋರ್ಡ್ ಇದ್ರೆ ನೀರಿನ ಗೆರೆಗಿಂತ ಒಂದಡಿ ಮೇಲಿನ ತನಕ ತೆಗೀಲೇಬೇಕು, ಬೋರ್ಡು ಬತ್ತಿ ಥರ ನೀರನ್ನ ಮೇಲಕ್ಕೆ ಎಳೆದಿರತ್ತೆ. ಪೊಳ್ಳು ಶಬ್ದ ಬರೋ ಗಿಲಾವು ಕೆತ್ತಿಸಿ.

ಒಣಗಿದ್ಯಾ ಅಂತ ತಿಳಿಯೋಕೆ ಒಂದು ಸುಲಭ ಪರೀಕ್ಷೆ. ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆ ಗೋಡೆಗೋ ನೆಲಕ್ಕೋ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಗಾಳಿಯಾಡದ ಹಾಗೆ ಮಾಡಿ ಒಂದು ದಿನ ಬಿಡಿ. ಪ್ಲಾಸ್ಟಿಕ್ ಒಳಗೆ ಹನಿ ಕೂತಿದ್ರೆ ಅಥವಾ ಅಲ್ಲಿ ಗೋಡೆ ಬಣ್ಣ ಕಪ್ಪಾಗಿದ್ರೆ ಇನ್ನೂ ಒಣಗಿಲ್ಲ. ಒಂದು ಜಾಗ ಸಾಲದು, ಪ್ರತಿ ಕೋಣೇಲಿ ನೆಲದಿಂದ ಒಂದಡಿ ಎತ್ತರದಲ್ಲಿ ನೋಡಿ. ತೇವ ಅಳೆಯೋ ಮೀಟರ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಮರದ ಚೌಕಟ್ಟಲ್ಲಿ 15 ಪರ್ಸೆಂಟ್‌ಗಿಂತ ಕೆಳಗೆ ಬಂದ ಮೇಲೆ ಮುಚ್ಚಬಹುದು.

ಗಮನಿಸಬೇಕಾದ ಲಕ್ಷಣ: ಗೋಡೆ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಏಳೋದು (ಒಣ ಬ್ರಷ್ಷಲ್ಲಿ ಗುಡಿಸಿ, ನೀರು ಹಾಕಿ ತೊಳೀಬೇಡಿ, ಮತ್ತೆ ಒಳಗೇ ಹೋಗತ್ತೆ), ಕಪಾಟಿನ ಬೆನ್ನಲ್ಲಿ ಕಪ್ಪು ಚುಕ್ಕಿ, ಬೆಳಗ್ಗೆ ಬಾಗಿಲು ತೆಗೆದಾಗ ಮುಗ್ಗಲು ವಾಸನೆ. ಬೂಷ್ಟು ಕಂಡ್ರೆ ಒಣ ಬಟ್ಟೇಲಿ ಒರೆಸಬೇಡಿ, ಹಾರತ್ತೆ, ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರೆಸಿ ಸೋಪಲ್ಲಿ ತೊಳೀರಿ. ಆಸ್ತಮಾ ಇರೋರು, ಪುಟ್ಟ ಮಕ್ಕಳು ಆ ಕೋಣೇಲಿ ಮಲಗೋದು ಬೇಡ.

9. ಕುಡಿಯೋ ನೀರು, ಬಾವಿ

ನಲ್ಲಿ ನೀರು ಸರಿ ಇದೆ ಅಂತ ಅಧಿಕೃತವಾಗಿ ಹೇಳೋ ತನಕ ಕುದಿಸಿಯೇ ಕುಡೀಬೇಕು, ಮಳಮಳ ಕುದಿ ಬಂದ ಮೇಲೆ ಒಂದು ನಿಮಿಷ. ಹಲ್ಲುಜ್ಜೋಕೆ, ಮಗುವಿನ ಬಾಟಲಿ ತೊಳೆಯೋಕೂ ಅದೇ ನೀರು. ಕುದಿಸೋಕೆ ಆಗದಿದ್ರೆ 6 ಪರ್ಸೆಂಟ್‌ನ, ಸುವಾಸನೆ ಸೇರಿಸದ ಬ್ಲೀಚ್ ಲೀಟರಿಗೆ 2 ಹನಿ, ಅರ್ಧ ಗಂಟೆ ಬಿಡಿ. ನೀರು ಮಬ್ಬಾಗಿದ್ರೆ ಬಟ್ಟೇಲಿ ಸೋಸಿ 4 ಹನಿ. ಪೆಟ್ರೋಲು, ಕೀಟನಾಶಕ ಸೇರಿದ ನೀರಿಗೆ ಈ ಎರಡೂ ನಡೆಯಲ್ಲ, ಕುದಿಸಿದ್ರೂ ವಿಷ ಹೋಗಲ್ಲ.

ಬಾವಿಗೆ ಪ್ರವಾಹದ ನೀರು ನುಗ್ಗಿದ್ರೆ ಮೊದಲು ಕೊಳಕು ನೀರು, ಹೂಳು ತೆಗೀಬೇಕು, ಅದೂ ನಿಧಾನಕ್ಕೆ, ರಭಸವಾಗಿ ಎತ್ತಿದ್ರೆ ಬಾವಿ ಗೋಡೆ ಕುಸೀಬಹುದು. ಬಾವಿಗೆ ಇಳಿಯೋ ಸಾಹಸ ಬೇಡ, ಒಳಗೆ ಗಾಳಿ ಕೆಟ್ಟಿರತ್ತೆ. ಹೊಸ ನೀರು ಊರಿದ ಮೇಲೆ ಅಳತೆ ಮಾಡಿ: ಬಾವಿಯ ಅಗಲದ ಅರ್ಧವನ್ನ ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಎಲ್ಲ ಮೀಟರಲ್ಲಿ, ಬಂದಿದ್ದನ್ನ ಸಾವಿರದಿಂದ ಗುಣಿಸಿದ್ರೆ ಲೀಟರ್ ಲೆಕ್ಕ. 2 ಮೀಟರ್ ಅಗಲ, 3 ಮೀಟರ್ ನೀರು ಇದ್ರೆ ಸುಮಾರು 9,400 ಲೀಟರ್ ಆಯ್ತು. 33 ಪರ್ಸೆಂಟ್ ಕ್ಲೋರಿನ್ ಇರೋ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 150 ಗ್ರಾಂ ಹಾಕಿದ್ರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಸಿಗತ್ತೆ, ಅಂದ್ರೆ ಈ ಬಾವಿಗೆ ಸುಮಾರು 1.4 ಕೆಜಿ. ಬಕೆಟಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿ ಮಾತ್ರ ಹುಯ್ದು, ಕೊಡ ಇಳಿಬಿಟ್ಟು ಕಲಕಿ, 12ರಿಂದ 24 ಗಂಟೆ ಯಾರೂ ಮುಟ್ಟದ ಹಾಗೆ ಮುಚ್ಚಿಡಿ. ಈ ನೀರು ಕುಡಿಯೋಕಲ್ಲ, ಎತ್ತಿ ಚೆಲ್ಲಬೇಕು. ಆಮೇಲೆ ಬಂದ ನೀರನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿಸಿ, ಅಲ್ಲಿ ತನಕ ಕುದಿಸಿಯೇ ಕುಡೀರಿ. ಬಾಯಿ ತೆಗೆದು ಬಹಳ ದಿನ ಆಗಿರೋ ಪೌಡರ್ ಚೀಲ ತರಬೇಡಿ, ಅದರಲ್ಲಿ ಕ್ಲೋರಿನ್ ಹಾರಿ ಬರೀ ಸುಣ್ಣ ಉಳಿದಿರತ್ತೆ.

10. ವೈರಿಂಗ್, ಮೆಷಿನ್, ಗಾಡಿ

ಮುಳುಗಿದ ಸ್ವಿಚ್, ಸಾಕೆಟ್, ಎಂಸಿಬಿ ಒಣಗಿಸಿ ವಾಪಸ್ ಹಾಕೋದು ಉಳಿತಾಯ ಅಲ್ಲ, ಬದಲಾಯಿಸಿ. ಎಲೆಕ್ಟ್ರಿಷಿಯನ್ ನೋಡಿ ಸರಿ ಅಂದ ಮೇಲೇ ಮೇನ್ ಹಾಕೋದು.

ಗಾಡಿ ಸ್ಟಾರ್ಟ್ ಮಾಡಿ ನೋಡಬೇಡಿ, ಇಗ್ನಿಷನ್ ಕೂಡ ತಿರುಗಿಸಬೇಡಿ. ಸಿಲಿಂಡರಲ್ಲಿ ನೀರಿದ್ರೆ ಪಿಸ್ಟನ್ ಅದನ್ನ ಒತ್ತೋಕಾಗದೆ ಕನೆಕ್ಟಿಂಗ್ ರಾಡ್ ಬಗ್ಗತ್ತೆ, ಸರ್ವೀಸಲ್ಲಿ ಮುಗೀತಿದ್ದದ್ದು ಎಂಜಿನ್ ಬಿಚ್ಚೋ ಕೆಲಸ ಆಗತ್ತೆ, ಮುಳುಗಿದ ಮೇಲೆ ಸ್ಟಾರ್ಟ್ ಮಾಡಿ ಆದ ಹಾನಿಗೆ ಇನ್ಶೂರೆನ್ಸ್‌ನೋರು ತಕರಾರು ತೆಗೆಯೋದೂ ಉಂಟು. ಬ್ಯಾಟರಿ ಬಿಚ್ಚಿ, ಟೋ ಮಾಡಿಸಿ. ಎಲೆಕ್ಟ್ರಿಕ್ ಗಾಡಿ ಮುಳುಗಿದ್ರೆ ಮನೆಯಿಂದ, ಬೇರೆ ಗಾಡಿಗಳಿಂದ ದೂರ ಬಯಲಲ್ಲಿ ನಿಲ್ಲಿಸಿ, ದಿನಗಳ ನಂತರವೂ ಅದರ ಬ್ಯಾಟರಿ ಹೊತ್ತಿಕೊಳ್ಳಬಹುದು.

11. ಪರಿಹಾರ, ಕ್ಲೇಮ್, ರಿಪೇರಿ ಕಾಂಟ್ರಾಕ್ಟು

ಮನೆಯವರ ಬದಲು ನೀವು ಮಾಡಬಹುದಾದ ಅತಿ ಉಪಯೋಗದ ಕೆಲಸ ಇದು, ಸಲಿಕೆ ಹಿಡಿಯೋರು ಸಿಗ್ತಾರೆ, ಕ್ಯೂ ನಿಲ್ಲೋರು ಸಿಗಲ್ಲ. ಒಂದು ಫೈಲ್ ಮಾಡಿ: ಗುರುತಿನ ದಾಖಲೆ ಪ್ರತಿಗಳು, ಫೋಟೋ ಪ್ರಿಂಟ್, ಹಾನಿಯ ಪಟ್ಟಿ, ಖರ್ಚಿನ ಎಲ್ಲ ಬಿಲ್ಲು, ಬಾಡಿಗೆ ಮನೆಯದ್ದು, ಟೋ ಮಾಡಿಸಿದ್ದು, ಪಂಪ್ ಬಾಡಿಗೆ ಸೇರಿ. ಯಾವ ಅರ್ಜಿ ಕೊಟ್ರೂ ಸ್ವೀಕೃತಿ ತಗೊಳ್ಳದೆ ಎದ್ದು ಬರಬೇಡಿ. ಫೋನಲ್ಲಿ ಏನಾದ್ರೂ ಹೇಳಿದ್ರೆ ಅದನ್ನೇ ಎರಡು ಸಾಲಲ್ಲಿ ಮೇಲ್ ಮಾಡಿಬಿಡಿ, ಬರಹದಲ್ಲಿ ಉಳಿಯತ್ತೆ. ಸರ್ವೆ ಆಗೋ ಮುಂಚೆ ಕಸ ಹಾಕಲೇಬೇಕಾದ್ರೆ ಫೋಟೋ ತೆಗೆದು, ಹಾಸಿಗೆಯದ್ದೋ ಕಾರ್ಪೆಟ್‌ದೋ ಒಂದು ತುಂಡು ಎತ್ತಿಡಿ.

ಪ್ರವಾಹದ ಹಿಂದೇನೇ ಮೋಸಗಾರರೂ ಬರ್ತಾರೆ. ಪೂರ್ತಿ ದುಡ್ಡು ಮುಂಗಡ ಕೇಳೋರು, ಇವತ್ತೇ ಸಹಿ ಹಾಕಿ ಅನ್ನೋರು, ಪರಿಹಾರ ಮಂಜೂರು ಮಾಡಿಸ್ತೀನಿ ಒಟಿಪಿ ಹೇಳಿ ಅನ್ನೋರು, ಮೂರೂ ಜನಕ್ಕೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸಿ.

ಗುಂಪಿಂದ ಸೇರಿಸಿದ ದುಡ್ಡನ್ನ ನೇರ ಮನೆಯವರ ಕೈಗೆ ಕೊಡಿ, ಯಾವುದಕ್ಕೆ ಖರ್ಚು ಮಾಡಬೇಕು ಅಂತ ಅವರಿಗೇ ಗೊತ್ತು. ಕೊಡುವಾಗ ಫೋಟೋ ತೆಗೆದು ಹಾಕೋದು ಬೇಡ.

12. ಜ್ವರ, ಗಾಯ, ಸೊಳ್ಳೆ

ಕೆಸರಲ್ಲಿ ಕೆಲಸ ಮಾಡಿದ ಯಾರಿಗೇ ಆಗ್ಲಿ, ನಿಮಗೂ ಸೇರಿ, ಮುಂದಿನ ನಾಲ್ಕು ವಾರದಲ್ಲಿ ಜ್ವರ ಬಂದ್ರೆ ಮನೇಲೇ ಮಾತ್ರೆ ನುಂಗಿ ಮಲಗಬೇಡಿ. ಜ್ವರದ ಜೊತೆ ಮೀನಖಂಡದಲ್ಲಿ ನೋವು, ಕಣ್ಣು ಕೆಂಪು, ಆಮೇಲೆ ಕಣ್ಣು ಹಳದಿ ಆದ್ರೆ ಇಲಿ ಜ್ವರ ಇರಬಹುದು, ಡಾಕ್ಟರಿಗೆ "ಪ್ರವಾಹದ ನೀರಲ್ಲಿ ಓಡಾಡಿದೀನಿ" ಅಂತ ನೀವಾಗೇ ಹೇಳಿ, ಕೇಳೋ ತನಕ ಕಾಯಬೇಡಿ. ಮುನ್ನೆಚ್ಚರಿಕೆ ಮಾತ್ರೆ ಇದೆ, ಅದನ್ನ ಡಾಕ್ಟರು ನೋಡಿ ಕೊಡಬೇಕು. ಮೊಳೆ, ತಗಡು ಚುಚ್ಚಿದ್ರೆ ಸೋಪಲ್ಲಿ ತೊಳೆದು ಅವತ್ತೇ ಟಿಟಿ ಇಂಜೆಕ್ಷನ್ ವಿಚಾರಿಸಿ.

ಭೇದಿ ಶುರುವಾದ್ರೆ ಓಆರ್‌ಎಸ್. ಪ್ಯಾಕೆಟ್ ಸಿಗದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ಮಂಕಾಗಿ, ಉಚ್ಚೆ ಹೋಗದೆ, ಕಣ್ಣು ಗುಳಿಬಿದ್ರೆ ಆಸ್ಪತ್ರೆಗೆ ಓಡಿ. ಅಂಗಳದಲ್ಲಿ ಬಿದ್ದಿರೋ ಟೈರು, ಒಡೆದ ಬಕೆಟ್, ಮಗುಚದ ಪಾತ್ರೆಗಳ ನೀರನ್ನ ವಾರಕ್ಕೊಮ್ಮೆ ಚೆಲ್ಲಿ, ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯೋಕೆ ಒಂದು ವಾರ ಹತ್ತು ದಿನ ಸಾಕು.

13. ಮಾತು, ಮಕ್ಕಳು

"ಜೀವ ಉಳೀತಲ್ಲ ಸಾಕು ಬಿಡಿ" ಅನ್ನಬೇಡಿ. "ನಮ್ಮ ಚಿಕ್ಕಪ್ಪಂದಂತೂ ಪೂರ್ತಿ ಹೋಯ್ತು" ಅನ್ನೋ ಹೋಲಿಕೆಯೂ ಬೇಡ. ಆ ರಾತ್ರಿ ಏನಾಯ್ತು ಹೇಳಿ ಅಂತ ಕೆದಕಬೇಡಿ, ಅವರಾಗೇ ಹೇಳಿದ್ರೆ ಮಧ್ಯ ಬಾಯಿಹಾಕದೆ ಕೇಳಿ. ಅತ್ತರೆ ಅಳ್ಲಿ.

ಮಕ್ಕಳು ಮತ್ತೆ ಹಾಸಿಗೇಲಿ ಉಚ್ಚೆ ಮಾಡೋದು, ಅಮ್ಮನ ಸೆರಗು ಬಿಡದೆ ಹಿಡಿಯೋದು, ಮಳೆ ಸದ್ದಿಗೆ ಬೆಚ್ಚೋದು ಶುರುವಲ್ಲಿ ಸಹಜ, ಬೈಯಬೇಡಿ. ಊಟ, ನಿದ್ದೆ, ಸ್ಕೂಲಿನ ಹೊತ್ತು ಹಳೇ ಥರ ಬರೋ ಹಾಗೆ ಮಾಡಿದ್ರೆ ಬೇಗ ಸುಧಾರಿಸ್ಕೋತಾರೆ. ದೊಡ್ಡವರಲ್ಲಿ ಒಂದು ತಿಂಗಳಾದ್ರೂ ನಿದ್ದೆ ಬಾರದೇ ಇರೋದು, ಕುಡಿತ ಹೆಚ್ಚೋದು, ಯಾರ ಜೊತೆಗೂ ಮಾತು ಬೇಡ ಅನ್ನೋದು ಕಂಡ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. "ನಾನೂ ಹೋಗಿಬಿಟ್ಟಿದ್ರೆ ಚೆನ್ನಾಗಿತ್ತು" ಅಂದ್ರೆ ಅವತ್ತು ಒಬ್ಬರನ್ನೇ ಬಿಡಬೇಡಿ, ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗೇ ಕೇಳಿ, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ.

14. ಮೂರನೇ ವಾರದಿಂದ

ಮೊದಲ ವಾರ ಅಡುಗೆ ಮಾಡಿ ತರೋರು ಜಾಸ್ತಿ, ಮೂರನೇ ವಾರಕ್ಕೆ ಬಾಗಿಲು ತಟ್ಟೋರೇ ಇರಲ್ಲ. ಬಾಡಿಗೆ ಮನೆ ಅಡ್ವಾನ್ಸು, ಸ್ಕೂಲ್ ಫೀಸು, ಸಾಲದ ಕಂತು ಎಲ್ಲ ಒಟ್ಟಿಗೆ ಬಂದು ನಿಲ್ಲೋದು ಆವಾಗ್ಲೇ. ಆದ್ದರಿಂದ ಶುರುವಲ್ಲೇ ಗುಂಪನ್ನ ಭಾಗ ಮಾಡಿ, ಅರ್ಧ ಜನ ಮತ್ತು ಅರ್ಧ ದುಡ್ಡು ಮೂರನೇ ವಾರದ ಮೇಲಕ್ಕೆ ಅಂತ ಎತ್ತಿಡಿ. ಸಾಲ ಇದ್ರೆ ಕಂತು ತಪ್ಪೋ ಮುಂಚೇನೇ ಬ್ಯಾಂಕಿಗೆ ಹೋಗಿ ಕಂತು ಮುಂದೂಡೋಕೆ ಲಿಖಿತವಾಗಿ ಕೇಳಿ, ತಪ್ಪಿದ ಮೇಲೆ ಕೇಳಿದ್ರೆ ಕಥೆ ಬೇರೆ ಆಗತ್ತೆ. ದುಡಿಯೋರ ಸಲಕರಣೆ, ಅಂದ್ರೆ ಹೊಲಿಗೆ ಮೆಷಿನ್ನೋ ಡ್ರಿಲ್ಲೋ ಗಾಡಿಯೋ, ಸೋಫಾ ಟಿವಿಗಿಂತ ಮುಂಚೆ ರಿಪೇರಿ ಆಗ್ಲಿ.

ತಿಂಗಳಿಗೊಂದ್ಸಲ ಹೋಗಿ ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಮತ್ತೆ ಮಾಡಿ, ಬಿರುಕುಗಳ ತುದೀಲಿ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೀರಿ, ಮುಂದಿನ ಸಲ ಗೆರೆ ದಾಟಿ ಬೆಳೆದಿದ್ರೆ ಎಂಜಿನಿಯರ್‌ಗೆ ತೋರಿಸಿ. ಕ್ಲೇಮ್ ಯಾವ ಹಂತದಲ್ಲಿದೆ ಅಂತ ಫೈಲ್ ತೆಗೆದು ಕೂತು ನೋಡಿ. ಪೇಂಟರ್‌ನ ಕರೆಯೋದು ಪ್ರತಿ ಕೋಣೆಯ ಪ್ಲಾಸ್ಟಿಕ್ ಒಣಗಿ ಬಂದ ಮೇಲೆ, ನೋಟ್‌ಬುಕ್ಕೂ ಫೈಲೂ ಮನೆಯವರ ಕೈಗೆ ಒಪ್ಪಿಸೋದು ಕ್ಲೇಮ್ ದುಡ್ಡು ಖಾತೆಗೆ ಬಿದ್ದ ಮೇಲೆ.